ನಾನು ಎಣಿಸಿ ಕೊಟ್ಟ ನೂರಾ ಹನ್ನೆರಡು ಕುರಿ

ತೊಟ್ಟಿಲ ಹಗ್ಗ ಕಾಲಬೆರಳಿಗೆ ಸುತ್ತಿಕೊಂಡು ಬರೆಯುತ್ತಿದ್ದೇನೆ. ಮೊಮ್ಮಗಳು ಹುಟ್ಟಿ ಇವತ್ತಿಗೆ ಐವತ್ತೆರಡು ದಿನ. ನಿದ್ದೆಯಲ್ಲಿ ನಗುತ್ತಾಳೆ ನೋಡ್ರಿ, ಆ ನಗು ಕಂಡರೆ ನನಗೆ ಊಟ ಬೇಡ, ನೀರು ಬೇಡ. ಓಣಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸುತ್ತೇನೆ. ಹಾಲು ಹಾಕುವವನಿಗಂತೂ ಮೂರು ಸಲ ತೋರಿಸಿದ್ದೇನೆ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟ ನಾನು ಪೆನ್ನು ಹಿಡಿದು ಇಷ್ಟುದ್ದ ಬರೆಯಲು ಕೂತದ್ದೂ ಆ ಸಂತೋಷ ತಡೆಯಲಾರದೆ. ಆದರೆ ಕೂತ ಮೇಲೆ ಕೈಗೆ ಬರುತ್ತಿರುವುದು ಬೇರೆ. ಇವಳಿನ್ನೂ ಹೊಟ್ಟೆಯಲ್ಲಿದ್ದಾಗ ಶ್ರಾವಣದಲ್ಲಿ ನಾನು ಹೆದರಿದ ಹತ್ತು ದಿನ. ಮೂರು ಮಕ್ಕಳನ್ನು ಹೆತ್ತಾಗಲೂ ಅಷ್ಟು ಹೆದರಿರಲಿಲ್ಲ. ಒಂದು ಕಾಗದದ ಕೆಳಗೆ ನಾನು ಹಾಕಿದ ಸಹಿಗೆ ಹೆದರಿದ್ದೆ.

ಗುಡೇಕೋಟೆ ಕಡೆಯ ಕುರುಚಲು ಗುಡ್ಡದ ಊರು ನಮ್ಮದು. ಕುರಿ ಸಾಕುವ ಹೆಂಗಸರು ಸೇರಿ ಒಂದು ಕಂಪನಿ ಮಾಡಿಕೊಂಡಿದ್ದೇವೆ. ನೂರಾ ಎಂಬತ್ತು ಜನ, ಒಬ್ಬೊಬ್ಬರದು ಸಾವಿರ ರೂಪಾಯಿ ಷೇರು. ಕಂಪನಿಗೆ ಕುರಿ ಕೂಡುವ ಒಂದು ರೊಪ್ಪ ಐತಿ, ಅದರಲ್ಲಿ ತಾಯಿ ಕುರಿಗಳಿವೆ. ಗಂಡು ಮರಿ ಮಾರುತ್ತೇವೆ, ಗೊಬ್ಬರ ಮಾರುತ್ತೇವೆ. ಎರಡು ವರ್ಷಕ್ಕೊಬ್ಬರು ಅಧ್ಯಕ್ಷೆ. ಸರದಿ ನನಗೆ ಬಂದಾಗ ಅಧ್ಯಕ್ಷೆ ಅಂದರೆ ಸಭೆಯಲ್ಲಿ ಕುರ್ಚಿಯ ಮೇಲೆ ಕೂರುವುದು, ತೋರಿಸಿದ ಕಡೆ ಸಹಿ ಹಾಕುವುದು ಅಂದುಕೊಂಡಿದ್ದೆ. ನನ್ನ ಸಹಿ ಬಹಳ ಚೆಂದ. ಅದನ್ನು ಹೊಗಳದವರಿಲ್ಲ.

ಕಳೆದ ವರ್ಷ ಹೊಸದೊಂದು ಶುರು ಮಾಡಿದ್ದೆವು. ಮನೆಯಲ್ಲಿ ಕುರಿ ಮೇಯಿಸುವ ಗಂಡಸರಿಲ್ಲದ ಸದಸ್ಯರು ತಮ್ಮ ಕುರಿಗಳನ್ನು ಕಂಪನಿ ರೊಪ್ಪಕ್ಕೆ ಪಾಲಿಗೆ ಬಿಡಬಹುದು ಅಂತ. ಪಾಲಿಗೆ ಬಿಡುವುದು ನಮ್ಮಲ್ಲಿ ತಲೆತಲಾಂತರದಿಂದ ಇರುವುದೇ. ತಾಯಿ ಕುರಿ ಬಿಟ್ಟವರದು, ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ಸಾಕಿದವರಿಗೆ. ಹಂಗೆ ಮೂವತ್ತೇಳು ಕುರಿ ಬಂದು ಸೇರಿದವು.

ಮಾರ್ಚ್ ಮುಗಿದಾಗ ಕೂಡ್ಲಿಗಿಯಿಂದ ಆಡಿಟರ್ ಫೋನ್ ಮಾಡಿದರು. "ಅಮ್ಮ, ರೊಪ್ಪದಲ್ಲಿ ಎಷ್ಟು ಕುರಿ ಅದಾವು? ಬರೆದು ಸಹಿ ಮಾಡಿ ಕಳಿಸ್ರಿ" ಅಂದರು. ನಾನೇ ಹೋಗಿ ಬಾಗಿಲಲ್ಲಿ ನಿಂತು ಎಣಿಸಿದೆ. ನೂರಾ ಹನ್ನೆರಡು. ಬರೆದೆ. ಚೆಂದದ ಸಹಿ ಹಾಕಿದೆ. ಕಳಿಸಿದೆ.

ನಮ್ಮ ಮಂದಿ ಹಿಂಡು ಎಣಿಸುವ ರೀತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. "ಹಿಂಡು ಎಷ್ಟು?" ಅಂದರೆ ಪೂರ್ತಿ ಹೇಳುತ್ತೇವೆ. ಅದರಲ್ಲಿ ಬೀಗರ ಕುರಿ ಇರಲಿ, ನೆರೆಯವರದಿರಲಿ, ದೇವರಿಗೆ ಬಿಟ್ಟದ್ದಿರಲಿ, ಎಲ್ಲ ಸೇರಿಸಿಯೇ. ರೊಪ್ಪದ ಬಾಗಿಲಲ್ಲಿ ನಿಂತು ಇಷ್ಟು ನಮ್ಮವು, ಇಷ್ಟು ಅವರವು ಅಂತ ಬಾಯಿಬಿಟ್ಟು ಹೇಳಿದರೆ ಹಿಂಡು ಒಡೆಯುತ್ತದೆ ಅನ್ನುತ್ತಿದ್ದರು ನಮ್ಮತ್ತೆ. ಯಾರದು ಯಾವುದು ಅನ್ನುವುದು ಕುರಿಯ ಕಿವಿಯಲ್ಲಿ ಕೊಯ್ದಿರುತ್ತದಲ್ಲ, ಬಾಯಲ್ಲಿ ಯಾಕೆ ಹೇಳಬೇಕು?

ಆಷಾಢದಲ್ಲಿ ವರ್ಷದ ವರದಿ ಬಂತು. ಲಾಭ ಎರಡು ಲಕ್ಷ ಹದಿನಾಲ್ಕು ಸಾವಿರ! ಹಿಂದಿನ ವರ್ಷ ಹನ್ನೊಂದು ಸಾವಿರ ಇತ್ತು. ಡೈರೆಕ್ಟರುಗಳೆಲ್ಲ ಸಹಿ ಹಾಕಿದೆವು, ಮೊದಲು ನಾನು. ಅವತ್ತೇ ನಲ್ಲಿಯ ಹತ್ತಿರ ಕೊಡ ಇಟ್ಟು ಎಲ್ಲರಿಗೂ ಹೇಳಿದೆ: "ಹಂಚಿದ್ರ ಒಬ್ಬೊಬ್ಬರಿಗೆ ಸಾವಿರದ ಮ್ಯಾಲ ಬರ್ತೈತಿ. ಹಾಕಿದ ಷೇರು ಒಂದಾ ವರ್ಷದಾಗ ಕೈಗೆ ಬಂದಂಗ!" ಸುದ್ದಿ ಅಕ್ಕಪಕ್ಕದ ನಾಲ್ಕು ಊರಿಗೆ ಹೋಯಿತು. ಒಬ್ಬಾಕಿ ಹೊಲಿಗೆ ಮಷಿನ್ನಿಗೆ ಮುಂಗಡವನ್ನೇ ಕೊಟ್ಟು ಬಂದಳು.

ನನ್ನ ಮಗಳು ಕೊಟ್ಟೂರಿನಲ್ಲಿ ಬಿ.ಕಾಂ. ಓದಿದವಳು. ಹರಪನಹಳ್ಳಿಗೆ ಕೊಟ್ಟಿದ್ದೇವೆ. ಏಳು ತಿಂಗಳಿಗೆ ಸೀಮಂತದ ಕುಬಸ ಮುಗಿಸಿ ಮನೆಗೆ ಕರೆದುಕೊಂಡು ಬಂದಿದ್ದೆವು. ಅವಳು ಆ ವರದಿಯನ್ನು ಹಿಂದೆ ಮುಂದೆ ತಿರುವಿ ನೋಡಿ, "ಯವ್ವಾ, ಲಾಭ ಎರಡು ಲಕ್ಷ ಅಂತೈತಿ, ಬ್ಯಾಂಕಿನಾಗ ಅರವತ್ತು ಸಾವಿರ ಐತಿ. ಉಳಿದದ್ದು ಎಲ್ಲೈತಿ?" ಅಂದಳು.

"ಅದನ್ನ ನೀನಾ ಹೇಳಬೇಕು. ಓದಿದಾಕಿ ನೀನು."

"ಅಧ್ಯಕ್ಷಿ ನೀನು. ಸಹಿ ನಿಂದು."

ಅದೇ ವಾರ ಹಗರಿಬೊಮ್ಮನಹಳ್ಳಿಯಲ್ಲಿ ಮೂರು ದಿನದ ತರಬೇತಿ ಅಂತ ಕಾಗದ ಬಂತು. ವ್ಯವಹಾರ ನಡೆಸುವವರಿಗೆ ಲೆಕ್ಕಪತ್ರ ಓದುವುದನ್ನು, ಹಣಕಾಸಿನ ವರದಿ ತಿಳಿದುಕೊಳ್ಳುವುದನ್ನು ಕಲಿಸುತ್ತಾರಂತೆ. ನಾನು ಒಲ್ಲೆ ಅಂದೆ. ಮಗಳು ಬಿಡಲಿಲ್ಲ. "ಸಹಿ ಹಾಕಾಕ ಮುಂದ, ಓದಾಕ ಹಿಂದ?" ಅಂತ ಚುಚ್ಚಿದಳು. ಹೋದೆ.

ಒಳಗೆ ಕಾಲಿಟ್ಟರೆ ಅಕ್ಕಿ ಗಿರಣಿಯ ಮ್ಯಾನೇಜರು, ಗೊಬ್ಬರದಂಗಡಿಯ ಸಾಹುಕಾರರು, ದವಾಖಾನೆ ಲೆಕ್ಕ ನೋಡುವವರು. ಎಲ್ಲರ ಮುಂದೆಯೂ ಲ್ಯಾಪ್‌ಟಾಪು. ನನ್ನ ಮುಂದೆ ಬುತ್ತಿಗಂಟು. ಬಾಗಿಲ ಹತ್ತಿರದ ಕುರ್ಚಿ ಹಿಡಿದೆ, ಓಡಿಹೋಗಲು ಅನುಕೂಲ ಅಂತ. ಪಾಠ ಹೇಳುವ ಮೇಡಂ ನನ್ನ ಹೆಸರು ಕೇಳಿದರೆ ಊರ ಹೆಸರು ಹೇಳಿದೆ. ಮೊದಲ ದಿನ ಪೂರ್ತಿ ನಾನು ನೋಡಿದ್ದು ಬೋರ್ಡನ್ನಲ್ಲ, ಗಡಿಯಾರವನ್ನು. ಲಾಭ ಬೇರೆ, ಕೈಯಲ್ಲಿರುವ ರೊಕ್ಕ ಬೇರೆ ಅಂದರು. ಉದ್ರಿ ಮಾರಿದರೆ ಲಾಭ ಬಂದಿರುತ್ತದೆ, ರೊಕ್ಕ ಬಂದಿರುವುದಿಲ್ಲ ಅಂದರು. ಅದೊಂದು ತಲೆಗೆ ಹೋಯಿತು, ಉಳಿದದ್ದು ಗಾಳಿಗೆ ಹೋಯಿತು.

ಎರಡನೇ ದಿನ ಬ್ಯಾಲೆನ್ಸ್ ಶೀಟ್. ಮೇಡಂ ಬೋರ್ಡಿನ ನಡುವೆ ಗೆರೆ ಎಳೆದರು. "ಈ ಕಡೆ ನಿಮ್ಮ ಹತ್ತಿರ ಏನೇನಿದೆ ಅಂತ. ಆ ಕಡೆ ಅದರಲ್ಲಿ ಯಾರ್ಯಾರ ಹಕ್ಕು ಎಷ್ಟಿದೆ ಅಂತ. ಬ್ಯಾಂಕಿನವರದು, ಅಂಗಡಿಯವರದು, ಕೊನೆಗೆ ಉಳಿದದ್ದು ನಿಮ್ಮದು. ಎರಡೂ ಕಡೆ ಸರಿಸಮ ಬರಲೇಬೇಕು. ಯಾಕೆ ಹೇಳಿ?"

ನನಗೆ ಏನಾಯಿತೋ, ಬಾಯಿ ತಾನಾಗಿ ತೆರೆಯಿತು. "ಹಿಂಡಿನಾಗ ಇರೋ ಪ್ರತಿ ಕುರಿಗೂ ಒಬ್ಬ ಯಜಮಾನ ಇರ್ತಾನ್ರಿ ಮೇಡಂ. ಯಜಮಾನ ಇಲ್ಲದ ಕುರಿ ಹಿಂಡಿನಾಗ ಇರಂಗಿಲ್ಲ. ಅದಕ್ಕ ಸಮ ಬರ್ತೈತಿ."

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇಪ್ಪತ್ತು ವರ್ಷದಿಂದ ಈ ಪಾಠ ಮಾಡ್ತಿದೀನಿ, ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ" ಅಂದು ಚಪ್ಪಾಳೆ ತಟ್ಟಿಸಿದರು. ಗಿರಣಿ ಮ್ಯಾನೇಜರು ಹಿಂದಕ್ಕೆ ತಿರುಗಿ ನನಗೆ ಕೈ ಮುಗಿದರು. ಅಯ್ಯೋ, ನಾನು ಉಬ್ಬಿಹೋದೆ! ಆ ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ನಾನು ಆಡಿದ ಮಾತು ನನಗೇ ತಿರುಗಿ ಬಂತು.

ಪ್ರತಿ ಕುರಿಗೂ ಒಬ್ಬ ಯಜಮಾನ. ಹಂಗಾದರೆ ನಾನು ಬರೆದು ಕಳಿಸಿದ ನೂರಾ ಹನ್ನೆರಡಕ್ಕೆ?

ಊಟದ ಹೊತ್ತಿನಲ್ಲಿ ಮೇಡಂ ಹತ್ತಿರ ಹೋಗಿ ವರದಿ ಕೊಟ್ಟೆ. ಅವರು ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಇಳಿದರು.

"ಕುರಿ ನೂರಾ ಹನ್ನೆರಡು, ಒಂದಕ್ಕೆ ಏಳು ಸಾವಿರ. ಹಿಂದಿನ ವರ್ಷ ಎಪ್ಪತ್ತೈದೇ ಇದ್ವಲ್ಲ ಅಮ್ಮ. ಹೊಸದಾಗಿ ಕೊಂಡ್ರಾ?"

"ಇಲ್ರಿ."

"ಮತ್ತೆ ಮೂವತ್ತೇಳು ಎಲ್ಲಿಂದ ಬಂದ್ವು?"

"ಪಾಲಿಗೆ ಬಿಟ್ಟಾರ್ರಿ, ಸದಸ್ಯರು."

ಮೇಡಂ ಮೂವತ್ತೇಳನ್ನು ಏಳು ಸಾವಿರದಿಂದ ಗುಣಿಸಿ ನನ್ನ ಕಡೆ ತಿರುಗಿಸಿದರು. ಎರಡು ಲಕ್ಷ ಐವತ್ತೊಂಬತ್ತು ಸಾವಿರ. ದುಡ್ಡು ಕೊಡದೆ ಬಂದ ಕುರಿಗಳನ್ನು ಕಂಪನಿಯ ಕುರಿ ಅಂತ ಬರೆದಿದ್ದಕ್ಕೆ ಅಷ್ಟೂ ಲಾಭವಾಗಿ ಕೂತಿತ್ತು. ಅದನ್ನು ತೆಗೆದರೆ ಎರಡು ಲಕ್ಷದ ಲಾಭ ಹೋಗಿ ನಲವತ್ತೈದು ಸಾವಿರ ನಷ್ಟ.

"ಇದನ್ನ ಲಾಭ ಅಂತ ಹಂಚಿದ್ರೆ ಏನ್ ಆಗ್ತೈತ್ರಿ?" ಅಂದೆ.

"ಇಲ್ಲದ ಲಾಭ ಹಂಚೋಕೆ ಕುರಿ ಮಾರಬೇಕಾಗುತ್ತೆ ಅಮ್ಮ. ಬೇರೆಯವರ ಕುರಿ."

ಮೂರನೇ ದಿನದ ಪಾಠ ನನಗೆ ನೆನಪಿಲ್ಲ. ಕೊಟ್ಟೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಕೂತು ಬಂದೆ. ಮುಂದಿನ ಸೀಟಿನಲ್ಲಿ ಪೊಲೀಸೊಬ್ಬರು ಕೂತಿದ್ದರು. ಪಾಪ, ರಜಾಕ್ಕೆ ಊರಿಗೆ ಹೊರಟವರಿರಬೇಕು, ಮಡಿಲಲ್ಲಿ ಮಂಡಕ್ಕಿ ಪೊಟ್ಟಣ ಇತ್ತು. ಅವರು ಹಿಂದಕ್ಕೆ ತಿರುಗಿದಾಗಲೆಲ್ಲ ನಾನು ವರದಿಯನ್ನು ಸೆರಗಿನೊಳಗೆ ಒತ್ತಿಕೊಂಡೆ. ಹುಟ್ಟಲಿರುವ ಮೊಮ್ಮಗುವನ್ನು ಜೈಲಿನಲ್ಲಿ ಕೂತು ಕಂಬಿಯ ಸಂದಿನಿಂದ ನೋಡುತ್ತಿರುವಂತೆ ಕಣ್ಣಿಗೆ ಕಟ್ಟಿತು. ಸರ್ವಸದಸ್ಯರ ಸಭೆಗೆ ಇನ್ನು ಒಂದೇ ವಾರ ಇತ್ತು.

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ರೊಪ್ಪಕ್ಕೆ ಹೋದೆ. ಒಂದು ಆಸೆ ಇತ್ತು, ಪಾಲಿನ ಕುರಿ ಮೂವತ್ತೇಳು ಇರಲಿಕ್ಕಿಲ್ಲ, ಹತ್ತೋ ಹನ್ನೆರಡೋ ಇದ್ದಾವು ಅಂತ. ಮಗಳು ಬೋರಲು ಹಾಕಿದ ನೀರಿನ ಬಾನಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತು ನೋಟ್‌ಬುಕ್ ತೆರೆದಳು. ನಾನು ಒಂದೊಂದೇ ಕುರಿ ಹಿಡಿದು ಕಿವಿ ನೋಡಿದೆ. ಬಲಗಿವಿಯ ತುದಿ ಕೊಯ್ದದ್ದಾದರೆ ಕಂಪನಿಯದು. ಎಡಗಿವಿಗೆ ತೂತು, ನಡುವೆ ಸೀಳು, ಅಂಚಿಗೆ ಕಚ್ಚು, ಇವೆಲ್ಲ ಬೇರೆಬೇರೆ ಮನೆಯವರ ಗುರುತು. "ಕಂಪನಿ" ಅಂತ ಕೂಗುತ್ತಿದ್ದೆ, "ಪಾಲು" ಅಂತ ಕೂಗುತ್ತಿದ್ದೆ, ಅವಳು ಗೆರೆ ಹಾಕುತ್ತಿದ್ದಳು. "ಪಾಲು" ಅನ್ನುವಾಗೆಲ್ಲ ನಾಲಿಗೆ ತೊದಲುತ್ತಿತ್ತು. ಹಿಂಡಿನ ಮುಂದೆ ನಿಂತು ಹಂಗೆ ಕೂಗಿದ್ದು ನನ್ನ ಆಯುಷ್ಯದಲ್ಲೇ ಮೊದಲು.

ಅಷ್ಟರಲ್ಲಿ ನಮ್ಮ ಮನೆಯವರು ತಮ್ಮ ಕುರಿ ಹೊಡೆದುಕೊಂಡು ಆ ಕಡೆ ಬಂದರು. ಬೇಲಿಯಾಚೆ ಕೋಲು ಊರಿ ನಿಂತು, "ಏನಲೇ, ತಲಿ ಕೆಟ್ಟೈತಿ? ಕುರಿ ಕಿವ್ಯಾಗ ಏನ್ ಓದಾಕತ್ತಿ?" ಅಂದರು.

ಹೇಳಿದೆ. ಅವರು ಬೀಡಿ ಆರಿಸಿದರು. "ಸುಮ್ಕಿರು. ಮುಂದಿನ ವರ್ಷ ಮರಿ ಚಲೋ ಬಿದ್ರ ತಾನಾ ತುಂಬಿ ಬರ್ತೈತಿ. ಯಾರು ಬಂದು ಕಿವಿ ನೋಡ್ತಾರ?"

"ನಾನಾ ನೋಡಿದ್ನಲ್ಲ" ಅಂದೆ.

ಮಗಳು ಗೆರೆ ಎಣಿಸಿದಳು. ಮಾರ್ಚಿನಿಂದೀಚೆಗೆ ಕಂಪನಿಯ ಎರಡು ಕುರಿ ಸತ್ತಿದ್ದವು, ಹಾಗಾಗಿ ಒಟ್ಟು ನೂರಾ ಹತ್ತು. ಕಂಪನಿಯವು ಎಪ್ಪತ್ಮೂರು. ಪಾಲಿನವು ಮೂವತ್ತೇಳು. ಒಂದೂ ಕಡಿಮೆಯಿಲ್ಲ. ಹಿಕ್ಕೆಯ ಮೇಲೆಯೇ ಕೂತುಬಿಟ್ಟೆ. "ಯವ್ವಾ, ಹೊಟ್ಟಿಯಾಗ ಕೂಸು ಒದಿತು ನೋಡು, ಏಳು ಅಂತೈತಿ" ಅಂತ ಮಗಳು ನಗಿಸಲು ನೋಡಿದಳು. ನಗು ಬರಲಿಲ್ಲ.

ಕೂಡ್ಲಿಗಿಗೆ ಹೋದೆ. ಆಡಿಟರ್ ಆಫೀಸಿನಲ್ಲಿ ಬೆಂಚಿನ ತುದಿಗೆ ಕೂತು ಮೊದಲು ಕೇಳಿದ್ದೇ, "ಜೈಲು ಎಷ್ಟು ವರ್ಷ ಆಗ್ತೈತ್ರಿ?" ಅಂತ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನಾನೂ ಒಂದು ಮಾತು ಕೇಳಬೇಕಿತ್ತು, ಒಮ್ಮೆಲೇ ಮೂವತ್ತೇಳು ಹೆಂಗ ಜಾಸ್ತಿ ಆದ್ವು ಅಂತ. ಮರಿ ಬೆಳೆದು ಕುರಿ ಆಗ್ಯಾವ ಅಂದುಕೊಂಡೆ. ಇನ್ನೂ ಸಭೆ ಮುಂದೆ ಇಟ್ಟಿಲ್ಲಮ್ಮ, ತಿದ್ದಬಹುದು. ಹೊಸ ವರದಿ ಮಾಡಿಕೊಡ್ತೀನಿ, ಡೈರೆಕ್ಟರುಗಳು ಕೂತು ಮತ್ತೆ ಸಹಿ ಹಾಕ್ರಿ. ಆದ್ರ ಲಾಭ ಇದ್ದದ್ದು ನಷ್ಟ ಯಾಕಾತು ಅಂತ ಸದಸ್ಯರಿಗೆ ನೀವಾ ಹೇಳಬೇಕು."

"ನೀವು ಬಂದು ಹೇಳ್ರಿ ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಹೇಳಿದ್ರ ಆಡಿಟರ್ ರೊಕ್ಕ ತಿಂದಾನ ಅಂತಾರ. ಗೊತ್ತಿಲ್ಲದ ತಪ್ಪಿಗೆ ಯಾರೂ ಜೈಲಿಗೆ ಹಾಕಲ್ಲ. ಆದ್ರ ಈಗ ನಿಮಗ ಗೊತ್ತಾಗೈತಿ. ಇನ್ನ ಸುಮ್ಮನಿದ್ರ ಮಾತ್ರ ಹೆದರಬೇಕು."

ಆ ಮಾತಿನಿಂದ ಧೈರ್ಯ ಬರಬೇಕಿತ್ತು. ನನಗೆ ಇನ್ನೂ ಹೆದರಿಕೆಯಾಯಿತು. ಜೈಲು ದೂರದ್ದು, ಸಭೆ ಭಾನುವಾರ. ಹೊಸ ವರದಿಗೆ ಡೈರೆಕ್ಟರುಗಳು ಗೊಣಗಿಕೊಂಡೇ ಸಹಿ ಹಾಕಿದರು. ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟೆ. ಮಗಳು ದಿನಾ ಮಧ್ಯಾಹ್ನ ಹೊಸ ವರದಿ ಮುಂದಿಟ್ಟು ಕೂರಿಸುತ್ತಿದ್ದಳು. ಒಂದೊಂದು ಸಾಲಿಗೂ ಬೆರಳಿಟ್ಟು, "ಇದು ಏನು? ಯಾರದು? ರೊಕ್ಕ ಬಂದೈತೋ, ಬರಬೇಕೋ?" ತಪ್ಪಿದರೆ, ಅವಳು ಸಣ್ಣವಳಿದ್ದಾಗ ನಾನು ಬೈದಂತೆಯೇ ನನಗೆ ಬೈಯುವಳು. ಮೇವು ಕತ್ತರಿಸುವ ಮಷಿನ್ನಿನ ಬೆಲೆ ವರ್ಷವರ್ಷ ಯಾಕೆ ಕಡಿಮೆಯಾಗುತ್ತದೆ ಅಂತ ಕೇಳಿದೆ. "ಸವಕಳಿ. ಬ್ಲೇಡು ಸವೀತೈತಲ್ಲ, ಅಷ್ಟು ಬೆಲಿನೂ ಸವೀತೈತಿ" ಅಂದಳು. ತಿಳಿಯಿತು. ಒಂದೊಂದು ತಿಳಿದಾಗಲೂ ಒಂದು ಗಳಿಗೆ ಕುಣಿಯಬೇಕು ಅನ್ನಿಸುತ್ತಿತ್ತು, ಮರುಗಳಿಗೆಗೆ ಭಾನುವಾರ ನೆನಪಾಗುತ್ತಿತ್ತು.

ಭಾನುವಾರ ಸಮುದಾಯ ಭವನ ತುಂಬಿತ್ತು. ಲಾಭ ಹಂಚುತ್ತಾರೆ ಅಂತ ಯಾವತ್ತೂ ಬರದವರೂ ಬಂದಿದ್ದರು. ನಾನು ಎದ್ದು ನಿಂತೆ. ಮೈಕು ಕೈಗೆ ತೆಗೆದುಕೊಂಡೆ.

"ಲಾಭ ಇಲ್ಲ" ಅಂದೆ. ಬರೆದುಕೊಂಡು ಬಂದದ್ದು ಬೇರೆ ಇತ್ತು, ಬಾಯಿಗೆ ಅದೇ ಬಂತು. "ನಷ್ಟ ಐತಿ. ನಲವತ್ತೈದು ಸಾವಿರ. ತಪ್ಪು ನಂದು."

ಏನು ಗದ್ದಲ! ಹೊಲಿಗೆ ಮಷಿನ್ನಿನಾಕಿ ಎದ್ದು ನಿಂತಳು. "ನಲ್ಲಿ ಕಟ್ಟಿ ಮ್ಯಾಲ ಕುಂತು ಸಾವಿರ ಬರ್ತೈತಿ ಅಂದಾಕಿ ನೀನಾ ಅಲ್ಲೇನು ಯಕ್ಕಾ? ತಿಂಗಳದಾಗ ಎರಡು ಲಕ್ಷ ಎಲ್ಲಿಗ್ ಹೋತು? ನಿಮ್ಮ ಮನಿಗಾ?" ಹಿಂದಿನಿಂದ ಯಾರೋ "ಇಳಿಸ್ರಿ ಆಕಿನ್ನ" ಅಂದರು. ಮಗಳ ಮುಖ ಕೆಂಪಾಯಿತು, ಏಳಲು ಹೋದಳು. ಬೇಡ ಅಂತ ಕಣ್ಣಲ್ಲೇ ಗದರಿಸಿದೆ.

"ರೊಪ್ಪದಾಗ ನೂರಾ ಹನ್ನೆರಡು ಕುರಿ ಅದಾವಂತ ಬರದೆ" ಅಂದೆ. "ನಮ್ಮ ಮಂದಿ ಎಣಸಂಗ ಎಣಸಿದೆ. ಅದರಾಗ ಮೂವತ್ತೇಳು ಪಾಲಿನವು. ಅವು ಕಂಪನಿ ಆಸ್ತಿ ಅಂತ ಕಾಗದದಾಗ ಸೇರಿದ್ವು. ಆ ಕುರಿ ಬೆಲಿನಾ ಲಾಭ ಆಗಿ ಕಾಣ್ತು."

ಮತ್ತೆ ಗದ್ದಲ. ಆದರೆ ಅದರ ನಡುವೆ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕಿ ಕೈ ಎತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಐದು ಕುರಿ ಪಾಲಿಗೆ ಬಿಟ್ಟಿದ್ದಾಳೆ. ನಿಧಾನಕ್ಕೆ ಕೇಳಿದಳು:

"ಅಂದ್ರ ಆ ಮೊದಲಿನ ಕಾಗದದಾಗ ನನ್ನ ಐದು ಕುರಿ ನಿಮ್ದಾಗಿದ್ವೇನು?"

"ಹೌದವ್ವ."

"ಅದನ್ನ ಲಾಭ ಅಂತ ಈ ಎಲ್ಲಾರಿಗೂ ಹಂಚಾಕ ಹೊಂಟಿದ್ರೇನು?"

"ಹೌದವ್ವ."

ಮುದುಕಿ ಹೊಲಿಗೆ ಮಷಿನ್ನಿನಾಕಿಯ ಕಡೆ ತಿರುಗಿದಳು. "ಏನಬೇ, ನನ್ನ ಕುರಿ ಮಾರಿ ನಿನಗ ಮಷಿನ್ ಬೇಕಾ? ನನ್ನ ಕುರಿ ಮ್ಯಾಲ ಕುಂತು ಜಂಪರ್ ಹೊಲಿತೀಯಾ?"

ಪಾಲಿಗೆ ಬಿಟ್ಟ ಇನ್ನುಳಿದವರು ಒಬ್ಬೊಬ್ಬರೇ ಎದ್ದರು. ನಂದು ಮೂರು, ನಂದು ಎಂಟು, ನಂದೂ ಹಂಗ ಬರದಿದ್ರೇನು ಅಂತ. "ಅಲ್ಲಬೇ ಅಜ್ಜಿ, ನನಗೇನು ಗೊತ್ತು ಅದು ನಿನ್ನ ಕುರಿ ಅಂತ" ಅಂದು ಮಷಿನ್ನಿನಾಕಿ ಕೂತಳು. ಯಾರೋ ಕಿಸಕ್ಕನೆ ನಕ್ಕರು. ನನಗಿನ್ನೂ ನಗಲು ಧೈರ್ಯವಿರಲಿಲ್ಲ. ಮುದುಕಿ ಮತ್ತೆ ನನ್ನ ಕಡೆ ತಿರುಗಿದ್ದಳು.

"ಅದು ಸರಿ ಹೋತು. ಈ ನಲವತ್ತೈದು ಸಾವಿರ ನಷ್ಟ ಎಲ್ಲಿಂದ ಬಂತು? ಅದನ್ನ ಹೇಳು."

ಇದಕ್ಕೆ ಉತ್ತರ ತಯಾರು ಮಾಡಿಕೊಂಡು ಬಂದಿರಲಿಲ್ಲ. ಕಾಗದ ತಿರುವಿದೆ. ಖರ್ಚಿನ ಪುಟ. ಮೇಲಿಂದ ಕೆಳಗೆ ಬೆರಳು ಇಳಿಸಿದೆ. ಸಂಬಳ, ಔಷಧ, ಬಾಡಿಗೆ, ಸವಕಳಿ, ಎಲ್ಲ ಹಿಂದಿನ ವರ್ಷದಷ್ಟೇ. ಮೇವು ಅನ್ನುವ ಸಾಲಿನಲ್ಲಿ ಬೆರಳು ನಿಂತಿತು. ಹಿಂದಿನ ವರ್ಷ ಒಂದು ಲಕ್ಷ ತೊಂಬತ್ತು ಸಾವಿರ, ಈ ವರ್ಷ ಎರಡು ಲಕ್ಷ ಎಂಬತ್ತು ಸಾವಿರ. ಯಾರೂ ಹೇಳಿಕೊಡದೆ ನಾನೇ ಕಂಡುಕೊಂಡ ಮೊದಲ ಸಾಲು ಅದು.

"ಮೇವಿನಾಗ" ಅಂದೆ. "ಮೂವತ್ತೇಳು ಕುರಿ ಹೆಚ್ಚಾದ್ವು, ಅವಕ್ಕೂ ಮೇವು ಹಾಕೀವಿ. ಅವುಗಳ ಮರಿ ಇನ್ನೂ ಮಾರಿಲ್ಲ. ಮ್ಯಾಲ ಬ್ಯಾಸಿಗ್ಯಾಗ ತುಟ್ಟಿ ಕೊಟ್ಟು ತಂದೀವಿ."

ಅಷ್ಟೇ ಸಾಕಾಯಿತು. ಮೇವಿನ ವಿಷಯ ಅಂದ ಮೇಲೆ ಅಲ್ಲಿ ಯಾರೂ ದಡ್ಡರಲ್ಲ. ಸುಗ್ಗಿ ಮುಗಿದ ಕೂಡಲೇ ಯಾಕೆ ಕೊಳ್ಳಲಿಲ್ಲ ಅಂತ ಒಬ್ಬರು. ಚಿಗಟೇರಿ ಕಡೆ ಜೋಳದ ಸೊಪ್ಪಿ ಅರ್ಧ ರೇಟಿಗೆ ಸಿಗ್ತಿತ್ತು, ನನ್ನ ತವರುಮನಿಯವರು ಅಲ್ಲೇ ಅದಾರ ಅಂತ ಇನ್ನೊಬ್ಬರು. "ಪಾಲಿಗೆ ಬಿಟ್ಟೋರೂ ಮೇವಿನ ಖರ್ಚಿನಾಗ ಕೈ ಹಾಕ್ಲಿ" ಅಂತ ಮಷಿನ್ನಿನಾಕಿ ಮತ್ತೆ ಎದ್ದಳು. ಮುದುಕಿ ಅವಳ ಜೊತೆ ಅರ್ಧ ತಾಸು ಜಗಳವಾಡಿ ಕೊನೆಗೆ ಒಪ್ಪಿದಳು. ಚಹಾ ಆರಿಹೋಯಿತು. ಪ್ರತಿಯೊಬ್ಬರೂ ನನ್ನನ್ನೇ ಕೇಳುತ್ತಿದ್ದರು, ಲಾರಿ ಬಾಡಿಗೆ ಎಷ್ಟು ಬರದೈತಿ, ಹಿಂಡಿ ಎಷ್ಟು ಚೀಲ ಅಂತ. ನಾನು ಪ್ರತಿ ಸಲ ಬೆರಳಿಟ್ಟು, ಸಾಲು ಹುಡುಕಿ, ಗಟ್ಟಿಯಾಗಿ ಓದುತ್ತಿದ್ದೆ. ಹೆದರಿಕೆ ಹೋಗಿರಲಿಲ್ಲ. ಆದರೆ ಸಾಲು ಸಿಗುತ್ತಿತ್ತು.

ನಷ್ಟದ ವರದಿಗೆ ಕೈ ಎತ್ತಿ ಒಪ್ಪಿಗೆ ಕೊಟ್ಟರು. ಎಲ್ಲರೂ ಅಲ್ಲ, ಹದಿನಾಲ್ಕು ಜನ ಎತ್ತಲಿಲ್ಲ. ನಡಾವಳಿ ಪುಸ್ತಕ ನನ್ನ ಮುಂದೆ ಬಂತು. ಫ್ಯಾನಿನ ಗಾಳಿಗೆ ಹಾಳೆ ಎದ್ದೆದ್ದು ಬೀಳುತ್ತಿತ್ತು. ಮುದುಕಿ ಪಕ್ಕ ಬಂದು ಕೂತು, ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಏನ್ ಬರದಾರಂತ ಮೊದಲು ನನಗ ಓದಿ ಹೇಳು" ಅಂದಳು. "ಆಮ್ಯಾಲ ಹಾಕು."

ಮೊದಲ ಸಾಲಿನಿಂದ ಓದಲು ಶುರು ಮಾಡಿದೆ.